ಎಡಗೈಯ ಗೆರೆ

ಒಲೆ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ.
ಭಾನುವಾರದ ಕುರಿಮಾಂಸ ಇಳಿಸಿದ್ದೇ ತಡ,
ಬಿಸಿ ಆರುವ ಮುಂಚೆ ಅದರೊಳಗೆ
ಎಂಜಿನ್ನಿನ ಅರ್ಧ ಹೊಟ್ಟೆಯನ್ನಿಟ್ಟು ಬಾಗಿಲು ಮುಚ್ಚಿ
ಗಡಿಯಾರ ನೋಡುತ್ತ ಕೂತ ನನ್ನ ಗಂಡ ಸೆಲ್ವಿನ್.

ಲೋಹ ಕಾದು ಹಿಗ್ಗಿದರೆ
ಅರವತ್ತು ವರ್ಷ ಕಚ್ಚಿಕೊಂಡಿದ್ದ ಬೇರಿಂಗು
ತಾನಾಗಿ ಕಳಚಿ ಬೀಳುತ್ತದಂತೆ.
ಬಿತ್ತು. ಠಣ್ಣೆಂದು, ನನ್ನ ಒಳ್ಳೆಯ ತಟ್ಟೆಯ ಮೇಲೆ.
ಅವನು ನಕ್ಕ ನಗು
ಮಗಳು ಹುಟ್ಟಿದ ದಿನವೂ ಅಷ್ಟು ಅಗಲವಿರಲಿಲ್ಲ.

ಯಾರ್ಡ್ಲಿಯಲ್ಲಿ ನಮ್ಮದು ಸಾಲುಮನೆ, ಶೆಡ್ಡು ಗೇಣಗಲ.
ಗಾಡಿ ಹಿಂಬಾಗಿಲಿಂದ ನುಸುಳಿ ನುಸುಳಿ ಒಳಗೇ ಸೇರಿದೆ:
ಮೆಟ್ಟಿಲ ಕೆಳಗೆ ಫೋರ್ಕು,
ಸ್ನಾನದ ತೊಟ್ಟಿಯಲ್ಲಿ ಸೀಮೆಎಣ್ಣೆ ಕುಡಿಯುತ್ತ ಚೈನು,
ಜಾಮಿನ ಶೀಶೆಗಳಲ್ಲಿ ನಟ್ಟು, ವಾಷರು, ಒಂದೊಂದಕ್ಕೂ ಚೀಟಿ.
‘ಗೊತ್ತಿಲ್ಲ’ ಎಂಬ ಚೀಟಿಯದೇ ಎಲ್ಲಕ್ಕಿಂತ ದೊಡ್ಡ ಶೀಶೆ.

ಸ್ಪ್ಯಾನರುಗಳೂ ಹಾಗೇ, ಹಳೇ ಹಟದವು.
ಮೈಮೇಲೆ ಕೊರೆದ ಅಳತೆ ಸ್ಪ್ಯಾನರಿನ ಬಾಯಿಯದಲ್ಲ,
ಬೋಲ್ಟಿನ ಹೊಟ್ಟೆಯದು.
ಯಾಕೆ ಹಾಗೆ ಎಂದರೆ
‘ವಿಟ್‌ವರ್ತ್’ ಅನ್ನುತ್ತಾನೆ, ಮಂತ್ರ ಹೇಳಿದ ಹಾಗೆ,
ಮುಂದೆ ಕೇಳಬಾರದು.

ಕ್ರ್ಯಾಂಕಿನ ನಡುವೆ ಒಂದು ಬಿಲವಿದೆ.
ತಿರುಗುವ ರಭಸಕ್ಕೆ ಎಣ್ಣೆಯ ಕೊಳೆಯೆಲ್ಲ ಹೋಗಿ
ಅದರಲ್ಲಿ ಮೆತ್ತಿಕೊಳ್ಳುತ್ತದೆ.
ಮೂರು ಸಂಜೆ ಕೆದಕಿ ತೆಗೆದದ್ದು ಎರಡು ಚಮಚ ಕಪ್ಪು ಜೇಡಿ:
ಯಾವ ಯಾವ ರಸ್ತೆಯೋ, ಯಾರ ಯಾರ ಅವಸರವೋ.
ಮೂಸಿ ನೋಡು ಎಂದ.
ಮೂಸಿದೆ. ಏನು ಹೇಳಲಿ.

ಸುಮ್ಮನೆ ಕೂತಿದ್ದೀಯಲ್ಲ ಎಂದು ನನ್ನ ತೊಡೆಯ ಮೇಲೆ
ಪೆಟ್ರೋಲ್ ಟ್ಯಾಂಕಿಟ್ಟು, ಒದ್ದೆ ಮರಳುಕಾಗದ ಕೊಟ್ಟು ಹೋದ.
ಟೀವಿ ನೋಡುತ್ತ ಉಜ್ಜಿದೆ.
ಮೇಲೆ ಬಾಗಿಲಿಗೆ ಬಳಿಯುವ ಹಸಿರು, ಯಾವನೋ ಹುಡುಗನ ಕೆಲಸ,
ಅದರಡಿ ಕಪ್ಪು,
ಅದರಡಿ ನಾಚಿಕೆಯಿಲ್ಲದ ನೀಲಿ,
ಆಮೇಲೆ, ಇದ್ದಕ್ಕಿದ್ದಂತೆ, ಕೆಂಪು.
ಕೆಂಪಿನ ಅಂಚಿಗೆ ಚಿನ್ನದ ಗೆರೆ.
ಮೂಲೆ ತಿರುಗುವಲ್ಲಿ ಅದು ಕೂದಲೆಳೆಯಷ್ಟು ದಪ್ಪವಾಗಿ
ಮತ್ತೆ ಸಣ್ಣಗಾಗಿದೆ. ಆ ದಪ್ಪವೂ ತಿರುವಿನ ತಪ್ಪು ಬದಿಗೆ.

ಟೀವಿ ಆರಿಸಿದೆ.

ಹದಿನೇಳರಲ್ಲಿ ನಾನು ಸ್ಮಾಲ್ ಹೀತಿನ ಕಾರ್ಖಾನೆಯಲ್ಲಿ
ಟ್ಯಾಂಕಿಗೆ ಗೆರೆ ಎಳೆಯುತ್ತಿದ್ದೆ.
ಅಳಿಲಿನ ಕೂದಲಿನ ಕುಂಚ, ಬೆರಳುದ್ದ.
ಉಸಿರು ಕಟ್ಟಿ ಎಳೆಯಬೇಕು,
ನಡುವೆ ಬಿಟ್ಟ ಉಸಿರು ಗೆರೆಯಲ್ಲಿ ಕಾಣುತ್ತದೆ.
ಪಕ್ಕದ ಸ್ಟೂಲಿನಲ್ಲಿ ಓಲ್ವೆನ್ ಪ್ರೋಬರ್ಟ್, ಎಡಚಿ.
ನಾವೆಲ್ಲ ಹೋಗುವ ದಿಕ್ಕಿಗೆ ಎದುರಾಗಿ ಬರುತ್ತಿದ್ದಳು,
ಬಾಯಲ್ಲಿ ಪುದೀನಾ ಮಿಠಾಯಿ.
ಫೋರ್ಮನ್ನು ಎರಡು ಸಲ ಬೈದ, ಮೂರನೆಯ ಸಲ ಸುಮ್ಮನಾದ.
ಅವಳ ಗೆರೆಯಷ್ಟು ನೇರ ನಮ್ಮ ಯಾರದೂ ಇರಲಿಲ್ಲ,
ಆ ಒಂದು ಮೂಲೆ ಬಿಟ್ಟರೆ.
ಕಾಲುಚೀಲ ಕೊಳ್ಳಲು ಅವಳಿಂದ ಆರು ಶಿಲಿಂಗ್ ಈಸಿಕೊಂಡಿದ್ದೆ.
ಕೊಟ್ಟ ನೆನಪಿಲ್ಲ.

ಎಂಜಿನ್ ನಂಬರಿಗೂ ಫ್ರೇಮಿನ ನಂಬರಿಗೂ ತಾಳೆಯಾಗಬೇಕು,
ಅದು ಸೆಲ್ವಿನ್ನನ ಜಪ.
ದಫ್ತರದಲ್ಲಿ ಎಲ್ಲ ಇದೆಯಂತೆ:
ಯಾವ ಮಂಗಳವಾರ ಹೊರಬಿತ್ತು, ಯಾವ ಊರಿನ ಅಂಗಡಿ ಸೇರಿತು.
ಗೆರೆ ಎಳೆದವಳ ಹೆಸರು ಬರೆದಿಲ್ಲ.
ಬರೆದಿದ್ದರೂ ಏನು, ಮದುವೆಯಾಗಿ ಯಾವ ಹೆಸರಾದಳೋ,
ಹುಡುಕುವುದಾದರೂ ಯಾರನ್ನು.

ಇದನ್ನು ರೆಡಿಚ್ಚಿಗೆ ಕಳಿಸಿ ಹೊಸ ಬಣ್ಣ ಮಾಡಿಸೋಣ,
ಹೊಚ್ಚ ಹೊಸದರ ಹಾಗೆ, ಎಂದ.
ಕಳಿಸಲ್ಲ ಎಂದೆ.
ಅರ್ಧ ತುಕ್ಕು ಕಣೇ ಎಂದ.
ಇರಲಿ. ಬೇಕಾದರೆ ಒಲೆ ಇಟ್ಟುಕೋ, ತಟ್ಟೆ ಇಟ್ಟುಕೋ ಎಂದೆ.
ನನ್ನನ್ನು ಒಂದು ಗಳಿಗೆ ನೋಡಿ
‘ಗೊತ್ತಿಲ್ಲ’ ಶೀಶೆ ಎತ್ತಿಕೊಂಡು ಹಿತ್ತಲಿಗೆ ಹೋದ.

ಈಗ ಗಾಡಿ ಟ್ಯಾಂಕಿಲ್ಲದೆ ನಿಂತಿದೆ, ಉಳಿದದ್ದೆಲ್ಲ ಮುಗಿದು.
ನಾನು ಸಂಜೆ ಹೊತ್ತು
ಬಿಸ್ಕತ್ತಿನ ಡಬ್ಬದ ಮುಚ್ಚಳ ಮಗುಚಿಟ್ಟು
ಎಡಗೈಯಲ್ಲಿ ಕುಂಚ ಹಿಡಿದು
ಮೂಲೆ ತಿರುಗಿಸಿ ನೋಡುತ್ತೇನೆ.
ಇನ್ನೂ ಬಂದಿಲ್ಲ.