ಸವೆದದ್ದರ ತೂಕ

ಲಿನ್‌ವುಡ್ಡಿನಲ್ಲಿ ಗುರುವಾರ. ಶೆಡ್ಡಿನ ತಗಡಿನ ಮೇಲೆ
ಕಡಲಹಕ್ಕಿಗಳ ಓಡಾಟ.
ಇಶ್ಬೆಲ್ ಗೆಡ್ಡೀಸ್, ಅರವತ್ತೊಂದು,
ಮೊನ್ನೆ ಮೊನ್ನೆಯವರೆಗೆ ಪೇಸ್ಲಿಯಲ್ಲಿ ಬಸ್ಸು ಓಡಿಸಿದವಳು,
ಅಪ್ಪನ ಹಿಲ್‌ಮನ್ ಇಂಪನ್ನು ಜಾಕಿನ ಮೇಲೆತ್ತಿ
ಹಿಂದಿನ ಎಡಗಾಲಿಯ ಮುಂದೆ ಮಣೆ ಹಾಕಿ ಕೂತಿದ್ದಾಳೆ,
ಹಾಲು ಕರೆಯುವವಳ ಹಾಗೆ.

ಅರವತ್ತೇಳರ ಕಾರು. ನೀಲಿ. ಇದೇ ಊರಲ್ಲಿ ಹುಟ್ಟಿದ್ದು.
ಕಾರ್ಖಾನೆ ಹೋಯಿತು, ಕಟ್ಟಿದವರು ಬಹುಪಾಲು ಹೋದರು,
ಇದು ಮಾತ್ರ ಇನ್ನೂ ಹೋಗುತ್ತದೆ,
ಹೇಳಿದ ಕಡೆ ನಿಲ್ಲುತ್ತದೆ.
ಶನಿವಾರ ಡಂಡೀಯಿಂದ ಒಬ್ಬ ಕೊಳ್ಳಲು ಬರುತ್ತಾನೆ.

ಡ್ರಮ್ಮಿಗೆ ಮರದ ಸುತ್ತಿಗೆಯಲ್ಲಿ ನಾಲ್ಕು ತಟ್ಟು. ಅಲುಗಲಿಲ್ಲ.
ಐದನೆಯದಕ್ಕೆ ಬಿಟ್ಟಿತು.
ಒಳಗೆ ಬೂದಿಯಂಥದ್ದು. ಬೂದಿಯಲ್ಲ;
ಬೂದಿ ಸುಟ್ಟದ್ದರ ಗುರುತು, ಇದು ಸುಡಲಾರದ್ದು.
ನನ್ನ ನುಡಿಯಲ್ಲಿ ಇದಕ್ಕೆ ಕಲ್ನಾರು ಎನ್ನುತ್ತಾರೆ,
ಕಲ್ಲೇ ನಾರಾದದ್ದು, ನೂಲಬಹುದಾದ ಬಂಡೆ.
ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಅಂತ ಗಾದೆ.
ಈ ನಾರಿನ ರೀತಿ ಬೇರೆ:
ತಾನೇ ಮುಂದೆ ನಡೆದು
ಹೂವನ್ನು ಹಿಂದೆ ಎಳೆದೊಯ್ಯುತ್ತದೆ.

ಆಗ ಅವಳಿಗೆ ಒಂಬತ್ತು.
ಲಾಕ್ಲನ್ ಗೆಡ್ಡೀಸ್ ಗಾಳಿಯ ಕೊಳವೆ ಹಿಡಿದು ಫುಸ್ಸೆಂದು ಊದಿದರೆ
ಡ್ರಮ್ಮು ಫಳಫಳ.
"ಬೆಳಕು ಅಲ್ಲಾಡಿಸಬೇಡ, ಹುಡುಗಿ."
ಎರಡೂ ಕೈಯಲ್ಲಿ ಟಾರ್ಚು ಹಿಡಿದು, ಉಸಿರು ಬಿಗಿಹಿಡಿದು ನಿಲ್ಲುವಳು.
ಬಿಗಿಹಿಡಿದದ್ದನ್ನು ಆಮೇಲೆ ಬಿಡಲೇಬೇಕಲ್ಲ,
ಬಿಟ್ಟವಳು ಆಳವಾಗಿ ಎಳೆದುಕೊಳ್ಳಲೇಬೇಕಲ್ಲ.
ಟಾರ್ಚಿನ ಬೆಳಕಲ್ಲಿ ಧೂಳು ಎಷ್ಟು ಚೆಂದ ಕುಣಿಯುತ್ತಿತ್ತು!
ಇವತ್ತಿಗೂ ಅವಳು ಅದನ್ನು ಒಪ್ಪಿಕೊಳ್ಳುತ್ತಾಳೆ.

ಒತ್ತಿದೊಡನೆ ಹಿಡಿಯುವುದು ಬ್ರೇಕಿನ ಧರ್ಮ.
ಇನ್ನೊಂದು ಜಾತಿಯದಿದೆ,
ಇವತ್ತು ಒತ್ತಿದರೆ ನಲವತ್ತು ವರ್ಷಕ್ಕೆ ಹಿಡಿಯುವಂಥದ್ದು.
ಅಪ್ಪನನ್ನು ಹಿಡಿದದ್ದು ಎಪ್ಪತ್ತೆರಡನೆಯ ವಯಸ್ಸಿನಲ್ಲಿ,
ಮನೆಯ ಮೆಟ್ಟಿಲ ನಡುವೆ, ಏಳು ಹತ್ತಿ ಐದು ಉಳಿದಿದ್ದಾಗ.
ಅವಳ ಎದೆಯ ಚಿತ್ರ ಪ್ರತಿ ವರ್ಷ ಸ್ವಚ್ಛವಾಗಿ ಬರುತ್ತದೆ.
ಸ್ವಚ್ಛ, ಎನ್ನುತ್ತಾರೆ ಡಾಕ್ಟರು.
ಈ ವರ್ಷದ ಮಟ್ಟಿಗೆ.

ಈಗ ಮುಖಕ್ಕೆ ಮಾಸ್ಕು. ಒದ್ದೆ ಬಟ್ಟೆ.
ಗುಲಾಬಿ ಗಿಡಕ್ಕೆ ಔಷಧಿ ಹೊಡೆಯುವ ಬಾಟಲಿಯಿಂದ ಸಾಬೂನು ನೀರು.
ಮಲಗಿದ ಮಗುವಿನ ಮೂತಿ ಒರೆಸುವಷ್ಟು ಮೆಲ್ಲಗೆ ಒರೆಸುತ್ತಾಳೆ.
ಲೈನಿಂಗು ಉಗುರಿನಷ್ಟು ದಪ್ಪ ಉಳಿದಿದೆ,
ಇಣುಕುತ್ತಿವೆ ರಿವೆಟ್ಟಿನ ತಲೆಗಳು.

ಕಪಾಟಿನ ಮೇಲೆ ಇನ್ನೊಂದು ಪೆಟ್ಟಿಗೆ. ಒಡೆಯದ್ದು.
ಅಪ್ಪನ ಪೆನ್ಸಿಲ್ ಬರಹ: ಒಳ್ಳೇ ಮಾಲು. ಎಸೆಯಬೇಡ.
ಈಗಿನವು ಕಚ್ಚುವುದಿಲ್ಲ ಅನ್ನುತ್ತಿದ್ದ,
ಇವು ಹಿಡಿದವೆಂದರೆ ಹಿಡಿದವು.
ಸುಳ್ಳೇನಲ್ಲ.
ಒಂದು ಗಳಿಗೆ ಮಡಿಲಲ್ಲಿಟ್ಟುಕೊಂಡಳು. ಆಮೇಲೆ
ಆ ಅಕ್ಷರಗಳ ಮೇಲೆಯೇ ಟೇಪು ಸುತ್ತಿ,
ಹಳೆಯದನ್ನೂ ಸೇರಿಸಿ, ಚೀಲದೊಳಗೆ ಚೀಲ.

ಪುರಸಭೆಗೆ ಫೋನು. ಸಂಗೀತ. ಮತ್ತೆ ಸಂಗೀತ.
ಕೊನೆಗೊಬ್ಬ ಹುಡುಗ: ಎಷ್ಟು ತೂಕ, ಮೇಡಮ್?
ಅಡುಗೆಮನೆಯ ತಕ್ಕಡಿ ತಂದಳು
(ಇನ್ನು ಅದರಲ್ಲಿ ಹಿಟ್ಟು ತೂಗುವಂತಿಲ್ಲ):
ಮೂರು ಕಿಲೋ ಇನ್ನೂರು ಗ್ರಾಂ.
ಬರೆದುಕೊಂಡ. ಮಂಗಳವಾರ ತನ್ನಿ ಅಂದ.
ಸವೆದು ಹೋದದ್ದರ ತೂಕ ಅವನು ಕೇಳಲಿಲ್ಲ.
ಗ್ಲಾಸ್ಗೋ ರಸ್ತೆಯ ಒಂದೊಂದು ಸಿಗ್ನಲ್ಲಿಗೆ ಚಿಟಿಕೆ ಚಿಟಿಕೆ,
ಶಾಲೆಯ ಮುಂದೆ
ಯಾರೋ ಮಕ್ಕಳು ದಾಟಲೆಂದು ನಿಂತಾಗಲೆಲ್ಲ
ಆ ಮಕ್ಕಳ ಮೂಗಿನ ಎತ್ತರಕ್ಕೆ.

ಡಂಡೀಯವನು ಬಂದ. ಬೀದಿಯ ಕೊನೆತನಕ ಓಡಿಸಿದ,
ಬ್ರೇಕು ಹಾಕಿದ. ಕೀಈ ಎಂದಿತು.
ಹೊಸವಾ? ಕಿಟಕಿ ಇಳಿಸಿ ಕೇಳಿದ, ಮುಖ ಕಿವುಚಿ.
ಹೊಸವು, ಅಂದಳು. ಸ್ವಲ್ಪ ದಿನ ಕಿರುಚುತ್ತವೆ.
ಹಳೆಯವು ಸದ್ದೇ ಮಾಡುತ್ತಿರಲಿಲ್ಲ.