ಪಕ್ಕದ ಸೀಟು

ಮಾಂಟೆವಿಡಿಯೊದ ಸಭಾಂಗಣದಲ್ಲಿ ಮಂತ್ರಿ ಓದಿದಳು:
ಸುಸ್ಥಿರ ಉದ್ಯಮ, ರಾಷ್ಟ್ರಪ್ರಶಸ್ತಿ,
ಇಬಾರ್ಬುರು ಚರ್ಮದ ಕಾರ್ಖಾನೆ.
ಪಂತಾನೋಸೊ ತೊರೆಗೆ ಬಿಡುವ ಕೊಳೆ: ಸೊನ್ನೆ.

ಧಣಿ ಗಾಜಿನ ಎಲೆಯೊಂದನ್ನು
ನೆಲಿದಾಳ ಕೈಗಿತ್ತ, ಫೋಟೋಗೆ.
ಮೂವತ್ತೊಂದು ವರ್ಷ ತೊಗಲು ಹದ ಮಾಡಿದ ಕೈ.
ಮೂಸಿ ನೋಡಿದಳು, ಅಭ್ಯಾಸ.
ಏನೂ ಇಲ್ಲ.

ಸಾಬೂನು, ನಿಂಬೆ, ಬೂದಿ, ಮದುವೆಯ ಅತ್ತರು
ಯಾವುದಕ್ಕೂ ಬಗ್ಗದ ನಾತವಿತ್ತು.
ಬಸ್ಸು ಎಷ್ಟೇ ಕಿಕ್ಕಿರಿದರೂ
ಅವಳ ಪಕ್ಕದ ಸೀಟು ಮಾತ್ರ
ಊರಿಗೆಲ್ಲ ಗೊತ್ತಿದ್ದ ಖಾಲಿ.
ಕೈಚೀಲವನ್ನೇ ಕೂರಿಸಿಕೊಳ್ಳುತ್ತಿದ್ದಳು, ಜೊತೆಗಿರಲೆಂದು.

ಸೆರ್ರೊ ಕಡೆಯ ಕೊನೆ ಬಸ್ಸು.
ಬೇಕರಿಯ ಹುಡುಗನೊಬ್ಬ, ಗುರುತಿಲ್ಲ,
"ಚೀಲ ತೆಗೀತೀರಾ?" ಎಂದ.
ಕೂತ. ಎರಡೇ ನಿಮಿಷಕ್ಕೆ ಗೊರಕೆ,
ತಲೆ ಅವಳ ಹೆಗಲಿಗೆ.

ಇಳಿಯುವ ನಿಲ್ದಾಣ ಬಂತು, ಹೋಯಿತು.
ಅದರ ಮುಂದಿನದೂ.
ನೆಲಿದಾ ಮಿಸುಕಲಿಲ್ಲ.