ಉಕ್ಕಡ

ಕುಶಾಲನಗರದ ಕಾಫಿ ಕ್ಯೂರಿಂಗ್‌ನಲ್ಲಿ
ಲಾರಿ ತೂಗುವ ಕೆಲಸ ಬೊಳ್ಳವ್ವನದು, ರಾತ್ರಿ ಪಾಳಿ.
ನನ್ನದು ಬಸ್‌ಸ್ಟ್ಯಾಂಡಿನ ಹಿಂದೆ ಟೈಪಿಂಗ್ ಅಂಗಡಿ:
ಪಹಣಿಯ ಅರ್ಜಿ, ಬಾಡಿಗೆ ಕರಾರು, ಮದುವೆಯ ಕರೆಯೋಲೆ,
ನಡುನಡುವೆ ಅವಳ ಅಂತರಿಕ್ಷ.

ಸಂತೆ ದಿನ ಬರುತ್ತಾಳೆ. ಚೀಲದ ತಳದಿಂದ,
ಒಣಸೀಗಡಿಯ ಪೊಟ್ಟಣದ ಅಡಿಯಿಂದ
ಹಾಳೆ ತೆಗೆಯುತ್ತಾಳೆ. ಹಾಳೆಯೆಂದರೆ ತೂಕದ ಚೀಟಿ;
ಮುಂದೆ ಗಾಡಿ ನಂಬರು, ಒಟ್ಟು, ಖಾಲಿ, ನಿವ್ವಳ,
ಹಿಂದೆ ಮೂರನೆಯ ಅಧ್ಯಾಯ.
ಎರಡು ಲಾರಿಗಳ ನಡುವೆ ಸಿಕ್ಕಷ್ಟು ಹೊತ್ತು ಬರೆದದ್ದು,
ಹಾಗಾಗಿ ವಾಕ್ಯಗಳೆಲ್ಲ ಗಿಡ್ಡ.
ಕೊಯ್ಲಿನ ತಿಂಗಳಲ್ಲಿ ಇನ್ನೂ ಗಿಡ್ಡ.
ಲಾರಿಯೇ ಬಾರದ ಜುಲೈಯಲ್ಲಿ ಮಾತ್ರ
ಒಂದು ವಾಕ್ಯ ಎರಡೂವರೆ ಚೀಟಿ ಹರಿದು
ಯಾವುದೋ ಗ್ರಹದ ಮೇಲೆ ಇಳಿಯಲು ಜಾಗ ಹುಡುಕುತ್ತಿತ್ತು.
ಪೂರ್ಣವಿರಾಮ ನಾನೇ ಇಟ್ಟೆ. ಬೈಸಿಕೊಂಡೆ.

ಓದುವುದು ಸಿಕ್ಕಿದ್ದನ್ನೆಲ್ಲ.
ತಂಗಿ ಹೋಮ್‌ಸ್ಟೇಯೊಂದರಲ್ಲಿ ಹಾಸಿಗೆ ಬದಲಿಸುವವಳು;
ಪ್ರವಾಸಿಗರು ಮರೆತ ಪುಸ್ತಕಗಳು ಅಲ್ಲಿಂದ ಬರುತ್ತವೆ.
ಕೆಲವಕ್ಕೆ ಕೊನೆಯ ಪುಟವಿಲ್ಲ, ಒಂದಕ್ಕೆ ಮೊದಲ ನಲವತ್ತಿಲ್ಲ,
ಇಲ್ಲದ್ದನ್ನು ತಾನೇ ಬರೆದು ರಟ್ಟಿಗೆ ಅಂಟಿಸುತ್ತಾಳೆ.
ಒಮ್ಮೆ ಬೈಲುಕುಪ್ಪೆಯಿಂದ ಟಿಬೆಟನ್ ಪಂಚಾಂಗ ಬಂತು.
ಅದನ್ನು ಓದಲಿಲ್ಲ, ನೋಡಿದಳು. ಹನ್ನೊಂದು ರಾತ್ರಿ ನೋಡಿದಳು.
ನಾಲ್ಕನೆಯ ಗ್ರಹದ ಲಿಪಿ ಹುಟ್ಟಿದ್ದು ಹಾಗೆ.
ಅದನ್ನು ಟೈಪ್ ಮಾಡು ಅಂದರೆ ನಾನೇನು ಮಾಡಲಿ,
ಆ ಅಕ್ಷರಕ್ಕೆ ಕೀಲಿ ಎಲ್ಲಿದೆ?

ಅವಳ ಅನ್ಯಗ್ರಹದ ಜೀವಿಗೆ ಕಣ್ಣಿಲ್ಲ, ಕಿವಿಯಿಲ್ಲ,
ಬಿಸಿಯೊಂದೇ ಗೊತ್ತು.
ನಮ್ಮ ತೋಟದ ಜಿಗಣೆ ಅಲ್ಲವಾ ಇದು, ಅಂದೆ.
"ಜಿಗಣೆಯೇ. ಆದರೆ ಇದಕ್ಕೆ ನಾಚಿಕೆಯಿದೆ.
ಕುಡಿದಾದ ಮೇಲೆ ಹೆಸರು ಕೇಳುತ್ತದೆ."

ಜಗಳವಾದದ್ದು ಒಂದು ಬಾಗಿಲಿಗೆ.
ನೌಕೆಯ ಒಳಗೂ ಅಲ್ಲದ, ಹೊರಗೂ ಅಲ್ಲದ ಪುಟ್ಟ ಕೋಣೆ,
ಒಂದು ಕದ ಮುಚ್ಚದೆ ಇನ್ನೊಂದು ತೆರೆಯದು.
ಏರ್‌ಲಾಕ್ ಅಂತಲೇ ಹೊಡೆದೆ. ಕೆಂಪು ಗೀಟೆಳೆದಳು.
ವಾಯುಬಂಧ ಅಂದೆ.
"ಹೊಟ್ಟೆನೋವಿನ ಹೆಸರಿದ್ದ ಹಾಗಿದೆ."
ಮೂರು ವಾರ ಆ ಜಾಗ ಖಾಲಿ ಬಿಟ್ಟೆವು,
ಗಗನಯಾತ್ರಿ ಆ ಖಾಲಿಯ ಮುಂದೆ
ಹೆಲ್ಮೆಟ್ ತೊಟ್ಟು ನಿಂತೇ ಇದ್ದ.
ಒಂದು ಬೆಳಗಿನ ಜಾವ ಫೋನು:
"ಅಸೈನಾರೇ, ಉಕ್ಕಡ. ಉಕ್ಕಡ ಅಂತ ಹಾಕು."

ನಾಡಿಗೂ ನಾಡಿಗೂ ನಡುವೆ ಹಿಂದಿನವರು ತೋಡಿದ ಕಡಂಗ,
ಆಳೆತ್ತರದ ಕಂದಕ; ಈಗ ಅದರೊಳಗೆ ಜರಿಗಿಡ, ಬೀಡಿತುಂಡು.
ಅದನ್ನು ದಾಟಲು ಬಿಟ್ಟ ಕಾವಲಿನ ಕಂಡಿ ಉಕ್ಕಡ.
ಬಂದವನು ತಾನು ಯಾರೆಂದು ಹೇಳಿ ನಿಲ್ಲಬೇಕಾದ ಜಾಗ.
ಹಾಕಿದೆ, ಇಪ್ಪತ್ತೇಳು ಕಡೆ.
ಕದ ತೆರೆಯಿತು. ಅವನು ದಾಟಿದ.
ನನಗೂ ಉಸಿರು ಬಂತು.

ಕೊನೆಗೆ ನಿನಗೆ ಏನಾಗಬೇಕು, ಕೇಳಿದ್ದೇನೆ.
ಬಹುಮಾನವಾ? ಸಿನಿಮಾವಾ?
ಹೇಳಲಿಲ್ಲ. ಒಂದು ರಾತ್ರಿ ಕರೆದುಕೊಂಡು ಹೋಗಿ
ಏಳು ಅಧ್ಯಾಯದ ಚೀಟಿಗಳ ಕಟ್ಟನ್ನು
ಲಾರಿ ನಿಲ್ಲುವ ಉಕ್ಕಿನ ಹಾಸಿನ ನಟ್ಟನಡುವೆ ಇಟ್ಟು
ಓಡಿಬಂದು ಕಿಟಕಿಯಲ್ಲಿ ಕೆಂಪಂಕಿ ನೋಡಿದಳು.
ಅರವತ್ತು ಟನ್ನಿನ ತಕ್ಕಡಿ ಅದು,
ಹತ್ತು ಕಿಲೋಗಿಂತ ಕಮ್ಮಿಯದ್ದು ಅದರ ಲೆಕ್ಕಕ್ಕಿಲ್ಲ.
ಸೊನ್ನೆ.
"ನೋಡು," ಅಂದಳು, ಬೇಸರವೇನಿರಲಿಲ್ಲ,
"ಇದಕ್ಕೆ ಗೊತ್ತಾಗಬೇಕು."

ನಾನು ಹೋಗಿ ಕಟ್ಟಿನ ಪಕ್ಕ ನಿಂತೆ. ಎಪ್ಪತ್ತು.
"ಇಳಿ ಕೆಳಗೆ, ಮೋಸ!"
ಅಷ್ಟರಲ್ಲಿ ಹುಣಸೂರು ಕಡೆಯ ಲಾರಿ ಬೆಳಕು ಚೆಲ್ಲಿ ಬಂತು,
ಕಟ್ಟು ಎದೆಗವಚಿ ಅವಳು ಒಳಗೋಡಿದಳು,
ಒಟ್ಟು ಬರೆದಳು, ಖಾಲಿ ಕಳೆದಳು, ಚೀಟಿ ಹರಿದಳು,
ಹರಿದವಳು ಅದನ್ನು ಹಿಂದುಮುಂದು ತಿರುಗಿಸಿ
ಏನೋ ಬರೆಯತೊಡಗಿದಳು.
ಕಿಟಕಿಯಾಚೆ ಡ್ರೈವರ್
ಕೈ ಚಾಚಿಕೊಂಡು, ತನ್ನ ಹೆಸರು ಹೇಳುತ್ತಾ ನಿಂತಿದ್ದ.